ಹೊಸ ವರ್ಷದ ದಿನ ಒಡೆದ ಏರಿ: ಬ್ರಿಡ್ಜ್‌ವಾಟರ್ ಕಾಲುವೆಯನ್ನು ಈಗ ಯಾರು ಸಾಕಬೇಕು?

2025ರ ಜನವರಿ 1. ಇಂಗ್ಲೆಂಡಿನ ವಾಯವ್ಯ ಭಾಗದಲ್ಲಿ ಬಿಟ್ಟೂಬಿಡದ ಮಳೆ. ಮ್ಯಾಂಚೆಸ್ಟರ್ ಸುತ್ತ ನದಿಗಳು ಉಕ್ಕಿದ್ದವು. ಹೊಸ ವರ್ಷದ ದಿನವೇ ಜನರನ್ನು ಮನೆಯಿಂದ ಎಬ್ಬಿಸಿ ಬೇರೆ ಕಡೆ ಸಾಗಿಸಬೇಕಾಯಿತು. ಅದೇ ಮಳೆಯಲ್ಲಿ, ನಗರದ ನೈರುತ್ಯಕ್ಕಿರುವ ಡನ್‌ಹ್ಯಾಮ್ ಮ್ಯಾಸಿ ಬಳಿ, ಬ್ರಿಡ್ಜ್‌ವಾಟರ್ ಕಾಲುವೆಯ ಏರಿ ಒಡೆಯಿತು. ಕಾಲುವೆ ಅಲ್ಲಿ ನೆಲಮಟ್ಟದಲ್ಲಿಲ್ಲ. ಬಾಲಿನ್ ಎಂಬ ಸಣ್ಣ ನದಿಯ ಕಣಿವೆ ದಾಟಬೇಕಲ್ಲ, ಅದಕ್ಕಾಗಿ ಎತ್ತರದ ಮಣ್ಣಿನ ಏರಿಯ ಬೆನ್ನ ಮೇಲೆ ಕೂತಿದೆ. ಆ ಏರಿಯ ಒಂದು ತುಂಡು ಕೊಚ್ಚಿಹೋಯಿತು. ನೀರು ಕೆಳಗಿನ ಹೊಲಗಳಿಗೆ, ಲಿಟಲ್ ಬಾಲಿಂಗ್ಟನ್ ಎಂಬ ಹಳ್ಳಿಯ ಕಡೆಗೆ ನುಗ್ಗಿತು. ಪುಣ್ಯಕ್ಕೆ ಯಾರ ಜೀವವೂ ಹೋಗಲಿಲ್ಲ.

ಕೆರೆ ಏರಿಯ ಮೇಲೆ ಓಡಾಡಿ ಬೆಳೆದವರು ಆ ಫೋಟೋಗಳನ್ನು ನೋಡಿದರೆ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ. ಎರಡೂ ಕಡೆ ಹುಲ್ಲು ಹಸಿರಾಗಿಯೇ ಇದೆ. ನಡುವೆ ಒಂದು ಭಾಗವನ್ನು ಯಾರೋ ಕಚ್ಚಿ ತೆಗೆದ ಹಾಗೆ ಮಾಯ. ನೀರಿದ್ದ ಜಾಗದಲ್ಲಿ ಕಪ್ಪು ಕೆಸರು.

ಸುದ್ದಿ ಕೆಲವು ದಿನ ಓಡಿತು. ಆಮೇಲೆ ಉಳಿದದ್ದು ಖರ್ಚಿನ ಮಾತು. 2025 ಪೂರ್ತಿ ಆ ಜಾಗದಲ್ಲಿ ದೋಣಿ ದಾಟಲಿಲ್ಲ. ಚೆಷೈರ್ ರಿಂಗ್ ಅಂತ ಒಂದು ಹೆಸರಾದ ಸುತ್ತು ದಾರಿ ಇದೆ. ಹಲವು ಕಾಲುವೆಗಳು ಸೇರಿ ಸುಮಾರು 156 ಕಿ.ಮೀ. ಬಾಡಿಗೆ ದೋಣಿ ಹಿಡಿದು ಒಂದೆರಡು ವಾರ ಸುತ್ತಿ ಹೊರಟಲ್ಲಿಗೇ ವಾಪಸ್ ಬರುವ ದಾರಿ ಅದು. ಈಗ ಬಳೆ ಒಡೆದ ಹಾಗೆ ಆಗಿದೆ. ಒಂದು ಕಡೆ ತುಂಡಾದರೆ ಸುತ್ತು ಎಲ್ಲಿಂದ ಬರಬೇಕು?

ಇದು ಸರ್ಕಾರದ ಕಾಲುವೆಯಾಗಿದ್ದರೆ ಬೈಯಲು ಒಂದು ಇಲಾಖೆ ಇರುತ್ತಿತ್ತು. ಆದರೆ ಇದು ಖಾಸಗಿ ಕಂಪನಿಯ ಆಸ್ತಿ. ಹುಟ್ಟಿದಾಗಿನಿಂದಲೂ ಖಾಸಗಿಯೇ. ಹಾಗಂತ ಇದು ಯಾವತ್ತೂ ಪೂರ್ತಿ ಖಾಸಗಿ ಆಗಿರಲಿಲ್ಲ ಅನ್ನೋದು ನನ್ನ ವಾದ. ಅದಕ್ಕೆ ಸಾಕ್ಷಿ 1759ರ ಒಂದು ಕಾಯ್ದೆಯಲ್ಲಿದೆ. ಅಲ್ಲಿಂದಲೇ ಶುರು ಮಾಡೋಣ.

ನಾಲ್ಕು ಪೆನ್ನಿಯ ಕರಾರು

ಬ್ರಿಡ್ಜ್‌ವಾಟರ್‌ನ 3ನೇ ಡ್ಯೂಕ್ ಫ್ರಾನ್ಸಿಸ್ ಎಗರ್ಟನ್ ಹುಟ್ಟಿದ್ದು 1736ರಲ್ಲಿ. ಮ್ಯಾಂಚೆಸ್ಟರ್‌ನಿಂದ ಸುಮಾರು 10 ಕಿ.ಮೀ. ದೂರದ ವರ್ಸ್ಲಿಯಲ್ಲಿ ಅವನಿಗೆ ಕಲ್ಲಿದ್ದಲು ಗಣಿಗಳಿದ್ದವು. ತಲೆನೋವು ಎರಡು. ಗಣಿಯೊಳಗೆ ನೀರು ತುಂಬುತ್ತಿತ್ತು. ಎತ್ತಿದ ಕಲ್ಲಿದ್ದಲನ್ನು ಪೇಟೆಗೆ ಸಾಗಿಸೋದು ಇನ್ನೂ ಕಷ್ಟ. ಹೇರು ಕುದುರೆಯೊಂದು ಬೆನ್ನ ಮೇಲೆ ಹೊರುವುದು ನೂರು, ನೂರಿಪ್ಪತ್ತು ಕಿಲೋ. ರಸ್ತೆಗಳು ಮಳೆಗಾಲದಲ್ಲಿ ಗದ್ದೆ. ನದಿಯಲ್ಲಿ ತರೋಣವೆಂದರೆ ಮರ್ಸಿ ಮತ್ತು ಇರ್ವೆಲ್ ನದಿಗಳ ದೋಣಿ ಸಂಚಾರ ಒಂದು ಕಂಪನಿಯ ಕೈಯಲ್ಲಿತ್ತು. ಅವರು ಕೇಳಿದಷ್ಟು ಸುಂಕ ಕೊಡಬೇಕು.

ಡ್ಯೂಕ್ ಹುಡುಗನಾಗಿದ್ದಾಗ ಯುರೋಪ್ ಪ್ರವಾಸ ಹೋಗಿದ್ದ. ಫ್ರಾನ್ಸಿನ ಕನಾಲ್ ದು ಮಿದಿ ನೋಡಿದ್ದ. ಅದು 1681ರಲ್ಲೇ ಮುಗಿದಿದ್ದ ಭಾರಿ ಕಾಲುವೆ. ಹಾಗಾಗಿ ನೀರಿನ ದಾರಿ ಕಟ್ಟಬಹುದು ಅನ್ನೋದು ಅವನಿಗೆ ಹೊಸ ವಿಷಯ ಆಗಿರಲಿಲ್ಲ. ಆದರೆ ಗಣಿಯ ನೀರನ್ನೇ ಕಾಲುವೆಗೆ ಬಿಡುವ ಉಪಾಯ ಸೊಗಸಾದದ್ದು. ಅದರಲ್ಲಿ ಅವನ ಜಮೀನಿನ ವ್ಯವಹಾರ ನೋಡಿಕೊಳ್ಳುತ್ತಿದ್ದ ಜಾನ್ ಗಿಲ್ಬರ್ಟ್‌ನ ಪಾಲು ದೊಡ್ಡದು. ಗಣಿಯಿಂದ ನೀರು ಹೊರಹೋಗುವ ಸುರಂಗವನ್ನೇ ಅಗಲ ಮಾಡಿ, ಅದರೊಳಗೆ ದೋಣಿ ಬಿಡೋದು. ಗಣಿ ಒಣಗುತ್ತದೆ, ಕಾಲುವೆ ತುಂಬುತ್ತದೆ, ಕಲ್ಲಿದ್ದಲು ಅಗೆದ ಜಾಗದಿಂದಲೇ ದೋಣಿ ಏರುತ್ತದೆ. ಎರಡು ಕಾಯಿಲೆಗೆ ಒಂದೇ ಮದ್ದು.

ಸರಿ, ಆದರೆ ಕಾಲುವೆ ಊರವರ ಹೊಲಗಳ ಮೇಲೆ ಹೋಗಬೇಕು. ಒಪ್ಪದವರ ಜಮೀನು ಕೊಳ್ಳುವ ಹಕ್ಕು ಬೇಕು. ಆ ಹಕ್ಕನ್ನು ಕೊಡಲು ಪಾರ್ಲಿಮೆಂಟ್‌ಗೆ ಮಾತ್ರ ಸಾಧ್ಯ. 1759ರಲ್ಲಿ ಪಾರ್ಲಿಮೆಂಟ್ ಆ ಹಕ್ಕು ಕೊಟ್ಟಿತು, ಪುಕ್ಕಟೆಯಾಗಿ ಅಲ್ಲ. ಕಲ್ಲಿದ್ದಲನ್ನು ಹಂಡ್ರೆಡ್‌ವೇಟ್‌ಗೆ, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 50 ಕಿಲೋಗೆ, 4 ಪೆನ್ನಿಗಿಂತ ಜಾಸ್ತಿಗೆ ಮಾರಬಾರದು ಎಂದು ಕಾಯ್ದೆಯಲ್ಲೇ ಬರೆಯಿತು. ಬೇರೆಯವರ ಸರಕಿಗೆ ವಿಧಿಸುವ ಸುಂಕಕ್ಕೂ ಮಿತಿ ಹಾಕಿತು. ಇದೊಂದು ಕೊಡುಕೊಳ್ಳುವ ವ್ಯವಹಾರ. ನಿನಗೆ ಊರವರ ನೆಲ ಕೊಡಿಸುತ್ತೇವೆ, ನೀನು ಊರಿಗೆ ಅಗ್ಗದ ಕಲ್ಲಿದ್ದಲು ಕೊಡು. ಡ್ಯೂಕ್ ಒಪ್ಪಿದ. ದುಡ್ಡು ಅವನದೇ, ಸಾಲವೂ ಅವನದೇ, ಆದರೆ ನೆಲದ ಹಿಂದೆ ಸಾರ್ವಜನಿಕರ ಅಧಿಕಾರ ನಿಂತಿತ್ತು.

ಜೇಡಿಮಣ್ಣು ತುಳಿದು ಕಟ್ಟಿದ ನೀರಿನ ದಾರಿ

ಮೊದಲ ಯೋಜನೆಯಲ್ಲಿ ಕಾಲುವೆ ಇರ್ವೆಲ್ ನದಿಯ ಒಂದೇ ದಡದಲ್ಲಿ ಸಾಗಿ ಸಾಲ್‌ಫರ್ಡ್‌ನಲ್ಲಿ ನಿಲ್ಲಬೇಕಿತ್ತು. 1760ರಲ್ಲಿ ಇನ್ನೊಂದು ಕಾಯ್ದೆ ತಂದು ದಾರಿ ಬದಲಿಸಿದರು. ಬಾರ್ಟನ್ ಎಂಬಲ್ಲಿ ನದಿಯ ಮೇಲೆ ಸೇತುವೆ ಕಟ್ಟಿ, ಸೇತುವೆಯ ಮೇಲೆ ಕಾಲುವೆ ಹರಿಸೋದು. ನಮ್ಮ ನೀರಾವರಿ ಇಲಾಖೆಯ ಭಾಷೆಯಲ್ಲಿ ಮೇಲ್ಗಾಲುವೆ. ನದಿ ಮೇಲೆ ದೋಣಿ, ಅದರ ಮೇಲೆ ಇನ್ನೊಂದು ದೋಣಿ! ಆ ಕಾಲದ ಇಂಗ್ಲೆಂಡಿನವರಿಗೆ ಇದು ಗಾಳಿಗೋಪುರದ ಹಾಗೆ ಕಂಡಿದ್ದರಲ್ಲಿ ಆಶ್ಚರ್ಯವಿಲ್ಲ.

ಇದಕ್ಕೆ ಕೈಹಾಕಿದವನು ಜೇಮ್ಸ್ ಬ್ರಿಂಡ್ಲಿ. 1716ರಲ್ಲಿ ಡರ್ಬಿಷೈರ್‌ನಲ್ಲಿ ಹುಟ್ಟಿದ, ಗಿರಣಿಗಳ ಚಕ್ರ, ಯಂತ್ರ ಕಟ್ಟಿ ರಿಪೇರಿ ಮಾಡುತ್ತಿದ್ದ ಕಸುಬುದಾರ. ಓದು ಬರಹ ಅಷ್ಟಕ್ಕಷ್ಟೇ. ಕಷ್ಟದ ಲೆಕ್ಕ ಎದುರಾದರೆ ಹೋಗಿ ಹಾಸಿಗೆಯಲ್ಲಿ ಮಲಗುತ್ತಿದ್ದನಂತೆ, ಪರಿಹಾರ ಹೊಳೆದ ಮೇಲೇ ಏಳುತ್ತಿದ್ದನಂತೆ. ಮೇಲ್ಗಾಲುವೆ ಹೇಗಿರುತ್ತದೆ ಎಂದು ಕೇಳಿದವರಿಗೆ ಚೀಸ್ ಗಡ್ಡೆ ಕೆತ್ತಿ ತೋರಿಸಿದ, ಪಾರ್ಲಿಮೆಂಟ್ ಸಮಿತಿಯ ಎದುರು ಜೇಡಿಮಣ್ಣಿನ ತೊಟ್ಟಿ ಮಾಡಿ ನೀರು ತುಂಬಿಸಿ ಸೋರುವುದಿಲ್ಲ ಎಂದು ಸಾಬೀತು ಮಾಡಿದ ಎಂಬ ಕಥೆಗಳೂ ಇವೆ. ಕಥೆ ಎಷ್ಟು ನಿಜವೋ, ಆದರೆ ಇಂಗ್ಲೆಂಡಿನ ಜನಕ್ಕೆ ಬ್ರಿಂಡ್ಲಿ ಎಂದರೆ ಒಬ್ಬನೇ ನಿಂತು ಎಲ್ಲ ಮಾಡಿದ ನಾಯಕ. ಗಿಲ್ಬರ್ಟ್ ಮಾಡಿದ್ದೆಷ್ಟು, ಬ್ರಿಂಡ್ಲಿ ಮಾಡಿದ್ದೆಷ್ಟು ಅಂತ ಇತಿಹಾಸಕಾರರು ಇನ್ನೂ ಜಗಳಾಡುತ್ತಾರೆ. ಮಣ್ಣು ಹೊತ್ತವರ ಹೆಸರು ಮಾತ್ರ ಯಾರ ಬಾಯಲ್ಲೂ ಇಲ್ಲ.

ಆ ಜೇಡಿಮಣ್ಣಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಯಾಕೆಂದರೆ 2025ರ ಕಥೆಯೂ ಅದರಲ್ಲೇ ಇದೆ. ಸುಮ್ನೆ ಗುಂಡಿ ತೋಡಿ ನೀರು ಬಿಟ್ಟರೆ ನಿಲ್ಲೋದಿಲ್ಲ, ಇಂಗಿಹೋಗುತ್ತದೆ. ಜೇಡಿಗೆ ಸ್ವಲ್ಪ ಮರಳು, ನೀರು ಸೇರಿಸಿ, ಸಲಿಕೆಯಲ್ಲಿ ಕೊಚ್ಚಿ, ಕಾಲಲ್ಲಿ ತುಳಿದು, ಅಂಟಂಟಾಗಿ ಹದ ಮಾಡಬೇಕು. ಅದನ್ನು ತಳಕ್ಕೂ ಪಕ್ಕಕ್ಕೂ ಪದರ ಪದರವಾಗಿ ಹಾಕಿ ಮತ್ತೆ ತುಳಿಯಬೇಕು. ಎಷ್ಟೋ ಕಡೆ ದನಗಳನ್ನೇ ಮೇಲೆ ಓಡಾಡಿಸುತ್ತಿದ್ದರು. ಎಲ್ಲ ಪದರ ಸೇರಿ ಎರಡು, ಮೂರು ಅಡಿ ದಪ್ಪ. ಇದಕ್ಕೆ ಅವರು ಪಡಲ್ ಎನ್ನುತ್ತಾರೆ. ನಮ್ಮಲ್ಲಿ ಕೆರೆ ಏರಿಗೆ ಜೇಡಿ ಹಾಕಿ ತುಳಿಸಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಈ ಪಡಲ್‌ಗೆ ಒಂದು ಗುಣವಿದೆ. ಒದ್ದೆಯಾಗಿದ್ದಷ್ಟು ದಿನ ಗಟ್ಟಿ. ಒಣಗಿದರೆ ಬಿರುಕು ಬಿಡುತ್ತದೆ. ಬಿರುಕು ಬಿಟ್ಟ ಮೇಲೆ ನೀರು ತುಂಬಿಸಿದರೆ ಎಲ್ಲೆಲ್ಲಿ ಸೋರುತ್ತದೆ ಎಂದು ಹೇಳಲಾಗದು. ಒಂದು ಕಡೆ ಏರಿ ಒಡೆದು ಕಾಲುವೆ ತಿಂಗಳುಗಟ್ಟಲೆ ಖಾಲಿ ಬಿದ್ದರೆ, ಒಡೆಯದ ಭಾಗವೂ ಹಾಳಾಗುವ ಭಯ ಇದರಿಂದಲೇ. ರಿಪೇರಿಗೆ ನಿಧಾನ ಮಾಡಿದಷ್ಟೂ ರಿಪೇರಿಯ ಉದ್ದ ಬೆಳೆಯುತ್ತದೆ.

1761ರ ಜುಲೈ 17ರಂದು ಬಾರ್ಟನ್ ಮೇಲ್ಗಾಲುವೆಯ ಮೇಲೆ ಮೊದಲ ದೋಣಿ ದಾಟಿತು. ಮೂರು ಕಮಾನು, ನದಿಯಿಂದ ಸುಮಾರು 12 ಮೀಟರ್ ಎತ್ತರ, ಹತ್ತಿರ ಹತ್ತಿರ 180 ಮೀಟರ್ ಉದ್ದ. ಕುದುರೆ ದಡದಲ್ಲಿ ನಡೆಯುತ್ತ ಹಗ್ಗದಿಂದ ದೋಣಿ ಎಳೆಯುತ್ತಿತ್ತು. ಬೆನ್ನ ಮೇಲೆ ನೂರು ಚಿಲ್ಲರೆ ಕಿಲೋ ಹೊರುತ್ತಿದ್ದ ಅದೇ ಪ್ರಾಣಿ ಈಗ 30 ಟನ್ ಎಳೆಯಿತು. ಮ್ಯಾಂಚೆಸ್ಟರ್‌ನಲ್ಲಿ ಕಲ್ಲಿದ್ದಲಿನ ಬೆಲೆ ಅರ್ಧಕ್ಕೆ ಇಳಿಯಿತು.

ವರ್ಸ್ಲಿಯ ನೆಲದಡಿಯ ಕಾಲುವೆಗಳು ಬೆಳೆಯುತ್ತ ಹೋದವು. ಕೊನೆಗೆ ನಾಲ್ಕು ಮಟ್ಟಗಳಲ್ಲಿ, ಒಟ್ಟು 74 ಕಿ.ಮೀ.! ಕತ್ತಲಲ್ಲಿ, ಸುರಂಗದ ಚಾವಣಿಗೋ ಗೋಡೆಗೋ ಕಾಲು ಕೊಟ್ಟು ತಳ್ಳುತ್ತ ದೋಣಿ ಸಾಗಿಸುತ್ತಿದ್ದರು. ಪಕ್ಕೆಲುಬು ಎದ್ದು ಕಾಣುವ ಆ ಕಿರಿದಾದ ದೋಣಿಗಳಿಗೆ ಜನ ಇಟ್ಟ ಹೆಸರು ಸ್ಟಾರ್ವೇಷನರ್, ಅಂದರೆ ಉಪವಾಸ ಬಿದ್ದವನು. ಈಗ ಅಲ್ಲಿಗೆ ಹೋದರೆ ಮರಳುಗಲ್ಲಿನ ಹಳೆಯ ಕಲ್ಲುಗಣಿಯ ಗೋಡೆ, ಅದರ ಬುಡದಲ್ಲಿ ಅರ್ಧ ಮುಳುಗಿದ ಎರಡು ಸುರಂಗದ ಬಾಯಿ ಕಾಣುತ್ತವೆ. ನೀರು ಕಿತ್ತಳೆ ಬಣ್ಣದ್ದು. ಗಣಿಯಿಂದ ಬರುವ ಕಬ್ಬಿಣದ ಅಂಶ ಗಾಳಿ ತಾಗಿ ತುಕ್ಕಾಗಿ ಇಳಿದಿರುವುದು ಅದು. ಗಣಿ ನೀರನ್ನು ಸೋಸುವ ಏರ್ಪಾಡು ಮಾಡಿದ್ದಾರೆ. ಆದರೂ ಫೋಟೋ ತೆಗೆಯಲು ಬರುವವರಿಗೆ ಬೇಕಿರುವುದು ಆ ಕಿತ್ತಳೆ ಬಣ್ಣವೇ. ಮಾಲಿನ್ಯವೇ ಗುರುತಾಗಿಬಿಟ್ಟಿದೆ.

ಲಾಕ್ ಇಲ್ಲದ ಕಾಲುವೆಯ ಚೆಂದ, ಲಾಕ್ ಇಲ್ಲದ ಕಾಲುವೆಯ ಅಪಾಯ

ಕಾಲುವೆಯನ್ನು ಆಮೇಲೆ ಮರ್ಸಿ ನದೀಮುಖದ ರನ್‌ಕಾರ್ನ್ ತನಕ, ಇನ್ನೊಂದು ಕವಲನ್ನು ಲೀ ಪಟ್ಟಣದ ತನಕ ಬೆಳೆಸಿದರು. ಎಲ್ಲ ಸೇರಿ ಸುಮಾರು 63 ಕಿ.ಮೀ. ಈ 63 ಕಿ.ಮೀ.ಯಲ್ಲಿ ಈಗ ಒಂದೇ ಒಂದು ಲಾಕ್ ಇಲ್ಲ. ಲಾಕ್ ಅಂದರೆ ದೋಣಿಯನ್ನು ಒಂದು ನೀರಿನ ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ ಬಾಗಿಲುಗಳ ತೊಟ್ಟಿ. ಅದು ಬೇಕಾಗದ ಹಾಗೆ ಬ್ರಿಂಡ್ಲಿ ನೆಲದ ಏರಿಳಿತ ಬಳಸಿಕೊಂಡು, ತಗ್ಗು ಬಂದಲ್ಲಿ ಏರಿ ಹಾಕಿ, ಉದ್ದಕ್ಕೂ ಒಂದೇ ಮಟ್ಟ ಕಾಪಾಡಿದ. ಕಟ್ಟಿ ಮುಗಿದಷ್ಟು ಕಾಲುವೆಯಲ್ಲೇ ದೋಣಿ ಬಿಟ್ಟು, ಮುಂದಿನ ಏರಿಗೆ ಬೇಕಾದ ಮಣ್ಣನ್ನು ಅದರಲ್ಲೇ ತಂದು ಸುರಿಸಿದ. ಕಾಲುವೆ ತನ್ನನ್ನು ತಾನೇ ಕಟ್ಟಿಕೊಂಡು ಮುಂದೆ ಹೋಯಿತು ಅನ್ನಬಹುದು.

ದೋಣಿಯವರಿಗೆ ಇದು ಸುಖ. ಇಳಿದು ಬಾಗಿಲು ತೆರೆಯುವ, ಮುಚ್ಚುವ ಕೆಲಸವಿಲ್ಲ. ಆದರೆ ಇಂಜಿನಿಯರ್ ಕಣ್ಣಲ್ಲಿ ನೋಡಿ. 63 ಕಿ.ಮೀ. ಉದ್ದದ ಒಂದೇ ತೊಟ್ಟಿ. ಎಲ್ಲಿ ತೂತು ಬಿದ್ದರೂ ನೀರು ಎರಡೂ ದಿಕ್ಕಿನಿಂದ ಅಲ್ಲಿಗೇ ಓಡಿಬರುತ್ತದೆ. ಲಾಕ್ ಇದ್ದ ಕಾಲುವೆಯಲ್ಲಿ ಬಾಗಿಲುಗಳೇ ಅಷ್ಟಿಷ್ಟು ತಡೆಯುತ್ತವೆ. ಇಲ್ಲಿ ತಡೆಯಲು ಏನೂ ಇಲ್ಲ.

ಈ ಅಪಾಯ ಕಟ್ಟಿದವರಿಗೆ ಗೊತ್ತಿತ್ತು. ಕಾಲುವೆ ಸಣ್ಣದಾಗುವ ಕಡೆ, ಸೇತುವೆಯ ಕೆಳಗೆ, ಎರಡೂ ಬದಿಯ ಕಲ್ಲಿನಲ್ಲಿ ಒಂದೊಂದು ಉದ್ದನೆಯ ಸೀಳು ಕೊರೆದಿರುತ್ತಾರೆ. ಏರಿ ಒಡೆದರೆ ದಪ್ಪ ಹಲಗೆಗಳನ್ನು ಒಂದರ ಮೇಲೊಂದು ಆ ಸೀಳಿಗೆ ಇಳಿಸಿ ನೀರು ಕಟ್ಟಬೇಕು. ಬ್ರಿಡ್ಜ್‌ವಾಟರ್ ದಡದಲ್ಲಿ ನಡೆದರೆ ಅಲ್ಲಲ್ಲಿ ಪುಟ್ಟ ಕ್ರೇನ್‌ಗಳು ಕಾಣುತ್ತವೆ. ವಾಕಿಂಗ್ ಬಂದವರು ಹಳೆಯ ಕಾಲದ ಅಲಂಕಾರ ಅಂದುಕೊಂಡು ಮುಂದೆ ಹೋಗುತ್ತಾರೆ. ಆ ಹಲಗೆ ಇಳಿಸೋಕೆ ಇರುವ ಕ್ರೇನ್ ಅದು. 2025ರ ಹೊಸ ವರ್ಷದ ದಿನ ಕೆಲಸದವರು ಓಡಿಬಂದು ಮಾಡಿದ್ದು ಇದನ್ನೇ, ಹಲಗೆ ಇಳಿಸಿ ಒಡೆದ ಭಾಗವನ್ನು ಬೇರ್ಪಡಿಸಿದರು. 18ನೇ ಶತಮಾನದ ಉಪಾಯ ಈಗಲೂ ನಡೆಯಿತು. ನನ್ನ ಮಟ್ಟಿಗೆ ಈ ಕಾಲುವೆಯ ಅತ್ಯಂತ ಜೀವಂತ ಪರಂಪರೆ ಆ ಕ್ರೇನ್‌ಗಳು. ಫಲಕ ಹಾಕಿ ಬೇಲಿ ಕಟ್ಟಿದ್ದರೆ ಅವತ್ತು ಉಪಯೋಗಕ್ಕೆ ಬರುತ್ತಿರಲಿಲ್ಲ.

ಇನ್ನು ಬಾರ್ಟನ್ ಮೇಲ್ಗಾಲುವೆ. ಅದೇ ಮೂಲ ಅದ್ಭುತ, ಅದನ್ನಂತೂ ಕಾಪಾಡಿರಬೇಕು ಅಲ್ವಾ? ಇಲ್ಲ, 1893ರಲ್ಲಿ ಕೆಡವಿದರು. ಮ್ಯಾಂಚೆಸ್ಟರ್ ತನಕ ಸಮುದ್ರದ ಹಡಗು ಬರಲು ಇರ್ವೆಲ್ ನದಿಯನ್ನೇ ಅಗಲ, ಆಳ ಮಾಡಿ ಹಡಗು ಕಾಲುವೆ ತೋಡಿದರು. ಹಳೆಯ ಕಮಾನುಗಳ ಅಡಿಯಲ್ಲಿ ಹಡಗು ತೂರುತ್ತಿರಲಿಲ್ಲ. ಹಡಗು ಕಾಲುವೆ ಕಂಪನಿ ಬ್ರಿಡ್ಜ್‌ವಾಟರ್ ಕಾಲುವೆಯನ್ನೇ 17 ಲಕ್ಷದ 10 ಸಾವಿರ ಪೌಂಡ್ ಕೊಟ್ಟು ಕೊಂಡುಕೊಂಡಿತ್ತು. ಹಾಗಾಗಿ ಕೆಡವಲು ಯಾರನ್ನೂ ಕೇಳಬೇಕಿರಲಿಲ್ಲ.

ಅದರ ಜಾಗದಲ್ಲಿ ಇಂಜಿನಿಯರ್ ಎಡ್ವರ್ಡ್ ಲೀಡರ್ ವಿಲಿಯಮ್ಸ್ ಕಟ್ಟಿದ್ದು ತಿರುಗುವ ಮೇಲ್ಗಾಲುವೆ. 100 ಮೀಟರ್ ಉದ್ದದ ಕಬ್ಬಿಣದ ತೊಟ್ಟಿ. ನೀರು ಸೇರಿ ತೂಕ 1,450 ಟನ್, ಅದರಲ್ಲಿ ನೀರೇ 800 ಟನ್. ಹಡಗು ಬಂದರೆ ತೊಟ್ಟಿಯ ಎರಡು ತುದಿಗೆ ಬಾಗಿಲು ಹಾಕುತ್ತಾರೆ, ಕಾಲುವೆಯ ಎರಡು ತುದಿಗೂ ಬಾಗಿಲು ಹಾಕುತ್ತಾರೆ. ಆಮೇಲೆ ಹಡಗು ಕಾಲುವೆಯ ನಡುವಿನ ದ್ವೀಪದ ಮೇಲೆ ಇಡೀ ತೊಟ್ಟಿ, ನೀರು ತುಂಬಿಕೊಂಡೇ, ಕಾಲು ಸುತ್ತು ತಿರುಗುತ್ತದೆ. ಹಡಗು ಹೋದ ಮೇಲೆ ವಾಪಸ್. ತುಂಬಿದ ಕೊಡ ಹೊತ್ತ ಹೆಂಗಸು ಬಾಗಿಲಲ್ಲಿ ಪಕ್ಕಕ್ಕೆ ತಿರುಗಿ ದಾರಿ ಬಿಟ್ಟ ಹಾಗೆ. 1894ರಿಂದ ಇದೆ. ಜಗತ್ತಿನಲ್ಲಿ ಇಂಥದ್ದು ಇನ್ನೊಂದಿಲ್ಲ. ಈಗ ಇದು ಗ್ರೇಡ್ 2 ಸ್ಟಾರ್ ದರ್ಜೆಯ ಸಂರಕ್ಷಿತ ಕಟ್ಟಡ. ಮೊದಲ ಅದ್ಭುತವನ್ನು ಕೆಡವಿ ಕಟ್ಟಿದ ಎರಡನೆಯದು. ಹಳೆಯದರ ದಡದ ಕಲ್ಲುಗೋಡೆಯ ತುಣುಕು ಅಲ್ಲೇ ಹತ್ತಿರದಲ್ಲಿದೆ.

ಅಂದಹಾಗೆ, ಈ ಕಾಲುವೆಗೂ ಜನವರಿ 1ಕ್ಕೂ ಏನೋ ನಂಟು. ರನ್‌ಕಾರ್ನ್ ತುದಿಯಲ್ಲಿ ಆಗ ಇದ್ದ, ಈಗ ಮುಚ್ಚಿರುವ ಲಾಕ್‌ಗಳು ತೆರೆದದ್ದು 1773ರ ಜನವರಿ 1. ಹಡಗು ಕಾಲುವೆಯಲ್ಲಿ ಸಂಚಾರ ಶುರುವಾದದ್ದು 1894ರ ಜನವರಿ 1. ಏರಿ ಒಡೆದದ್ದೂ ಜನವರಿ 1.

ನಮ್ಮ ಕಡೆಗೂ ಒಂದು ಎಳೆ ಇದೆ. ಅಗ್ಗದ ಕಲ್ಲಿದ್ದಲು ಮ್ಯಾಂಚೆಸ್ಟರನ್ನು ಹತ್ತಿ ಗಿರಣಿಗಳ ಊರಾಗಿ ಮಾಡಿತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತಾಗ ಆ ಗಿರಣಿಗಳ ಕಣ್ಣು ಧಾರವಾಡದ ಹತ್ತಿಯ ಮೇಲೆ ಬಿತ್ತು. ಆ ಹತ್ತಿ ಹಡಗು ಹತ್ತಲು ಹತ್ತಿರದ ಬಂದರು ಬೇಕಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಬಿಡಿಸಿ ಮುಂಬೈಗೆ ಸೇರಿಸಿದ್ದರ ಹಿಂದೆ, ಕಾರವಾರ ಬಂದರಿನ ಕನಸಿನ ಹಿಂದೆ, ಮ್ಯಾಂಚೆಸ್ಟರ್ ವ್ಯಾಪಾರಿಗಳ ಒತ್ತಡ ಇತ್ತು. ವರ್ಸ್ಲಿಯ ಗಣಿಯಿಂದ ಹೊರಟ ದೋಣಿಯ ಅಲೆ ಘಟ್ಟದ ರಸ್ತೆಗಳ ತನಕ ಬಂದಿತ್ತು.

ಹಾಗಾದರೆ ದುಡ್ಡು ಯಾರದು?

ಈಗ ಮೊದಲಿನ ಪ್ರಶ್ನೆಗೆ ಬರೋಣ. ಎರಡನೇ ಮಹಾಯುದ್ಧದ ನಂತರ, 1948ರಲ್ಲಿ, ಬ್ರಿಟನ್ನಿನ ಬಹುಪಾಲು ಕಾಲುವೆಗಳು ಸರ್ಕಾರದ ಕೈಗೆ ಹೋದವು. ಹಡಗು ಕಾಲುವೆ ಕಂಪನಿ ಖಾಸಗಿಯಾಗಿಯೇ ಉಳಿಯಿತು, ಅದರ ಜೊತೆ ಬ್ರಿಡ್ಜ್‌ವಾಟರ್ ಕೂಡ. 1980ರ ದಶಕದ ಕೊನೆಯಲ್ಲಿ ಆ ಕಂಪನಿಯ ಹಿಡಿತ ಪೀಲ್ ಎಂಬ ಆಸ್ತಿ ವ್ಯವಹಾರದ ಕಂಪನಿ ಸಮೂಹಕ್ಕೆ ಬಂತು. ಅಷ್ಟು ಹೊತ್ತಿಗೆ ಸರಕು ಸಾಗಣೆ ನಿಂತು ಹೋಗಿತ್ತು. ಉಳಿದದ್ದು ವಿಹಾರದ ದೋಣಿಗಳು, ಅವುಗಳ ಲೈಸೆನ್ಸ್ ಶುಲ್ಕ, ದಡದಲ್ಲಿ ನಡೆಯುವ, ಸೈಕಲ್ ತುಳಿಯುವ ಜನ. ನಡೆಯುವವರಿಂದ ಟಿಕೆಟ್ ಪಡೆಯಲು ಆಗುತ್ತದೆಯೇ? ಆದಾಯ ಕೊಡುತ್ತಿದ್ದ ಆಸ್ತಿ ಖರ್ಚಿನ ಆಸ್ತಿಯಾಯಿತು.

1971ರಲ್ಲಿ ಒಂದು ಎಚ್ಚರಿಕೆ ಬಂದಿತ್ತು. ಇದೇ ಬಾಲಿನ್ ಕಣಿವೆಯಲ್ಲಿ ಕಾಲುವೆ ಒಡೆದು ಎರಡು ವರ್ಷ ಮುಚ್ಚಿತ್ತು. ಆಗಲೂ ಇದೇ ಜಗ್ಗಾಟ. ಅದರ ಫಲವಾಗಿ 1975ರಲ್ಲಿ ಬ್ರಿಡ್ಜ್‌ವಾಟರ್ ಕೆನಾಲ್ ಟ್ರಸ್ಟ್ ಹುಟ್ಟಿತು. ಕಂಪನಿಯೂ ದಾರಿಯುದ್ದಕ್ಕಿರುವ ಸ್ಥಳೀಯ ಆಡಳಿತಗಳೂ ಸೇರಿ ನಿರ್ವಹಣೆಗೆ ಕೈ ಜೋಡಿಸುವ ಏರ್ಪಾಡು. ಕಂಪನಿಯ ಆಸ್ತಿಗೆ ಜನರ ತೆರಿಗೆಯ ದುಡ್ಡು ಸೇರಬಹುದು ಎಂದು ಎರಡೂ ಕಡೆ ಅವತ್ತೇ ಒಪ್ಪಿಕೊಂಡಿದ್ದರು. ದಿನನಿತ್ಯದ ಹುಲ್ಲು ಕತ್ತರಿಸುವ, ಸಣ್ಣಪುಟ್ಟ ಸೋರಿಕೆ ಮುಚ್ಚುವ ಕೆಲಸಕ್ಕೆ ಇಂಥ ಏರ್ಪಾಡು ಸಾಕು. ಇಡೀ ಏರಿಯೇ ಹೋದಾಗ ಸಾಲೋದಿಲ್ಲ.

ಕಂಪನಿಯ ಪರವಾದ ವಾದ ಹೀಗೆ: ಕಾಲುವೆಯಿಂದ ಲಾಭವಿಲ್ಲ, ಅದರ ಸುಖ ಪಡೆಯುವುದು ಊರಿನ ಜನ, ಹಾಗಾಗಿ ಊರೂ ಹೊರಬೇಕು. ಇದರಲ್ಲಿ ಸತ್ಯವಿದೆ. ಇನ್ನೊಂದು ಕಡೆಯವರ ಮಾತಿನಲ್ಲೂ ಸತ್ಯವಿದೆ. ಹಡಗು ಕಾಲುವೆ ಕಂಪನಿಯ ಜೊತೆ ಬಂದದ್ದು ಬರೀ ನೀರಲ್ಲ, ಬೇಕಾದಷ್ಟು ಜಮೀನು ಕೂಡ. 1998ರಲ್ಲಿ ತೆರೆದ ಟ್ರಾಫರ್ಡ್ ಸೆಂಟರ್ ಎಂಬ ಭಾರಿ ಶಾಪಿಂಗ್ ಮಾಲ್ ಎದ್ದದ್ದು ಅಂಥ ಜಮೀನಿನ ಮೇಲೆ. 2011ರಲ್ಲಿ ಪೀಲ್ ಅದನ್ನು ಮಾರಿದಾಗ ವ್ಯವಹಾರದ ಬೆಲೆ 160 ಕೋಟಿ ಪೌಂಡ್. ಕಾನೂನಿನ ಲೆಕ್ಕದಲ್ಲಿ ಮಾಲ್ ಬೇರೆ ಕಂಪನಿ, ಕಾಲುವೆ ಬೇರೆ ಕಂಪನಿ. ನ್ಯಾಯಾಲಯಕ್ಕೆ ಅಷ್ಟು ಸಾಕು. ಆದರೆ ತೆಂಗಿನಕಾಯಿ ಒಬ್ಬ ಮಗನಿಗೆ, ತೋಟದ ಬೇಲಿ ಇನ್ನೊಬ್ಬ ಮಗನಿಗೆ ಅಂತ ಪಾಲು ಮಾಡಿ, ಬೇಲಿ ಮುರಿದಾಗ ಊರವರ ಹತ್ತಿರ ಚಂದಾ ಕೇಳಿದರೆ ಹೇಗಿರುತ್ತದೆ?

ಹಾಗಂತ ಸರ್ಕಾರ ತೆಗೆದುಕೊಂಡಿದ್ದರೆ ಎಲ್ಲ ಸರಿಯಾಗುತ್ತಿತ್ತು ಎನ್ನುವವರು ಉಳಿದ ಕಾಲುವೆಗಳ ಪಾಡು ನೋಡಬೇಕು. ಸರ್ಕಾರಿ ಕಾಲುವೆಗಳನ್ನು 2012ರಲ್ಲಿ ಕೆನಾಲ್ ಅಂಡ್ ರಿವರ್ ಟ್ರಸ್ಟ್ ಎಂಬ ದತ್ತಿ ಸಂಸ್ಥೆಗೆ ವಹಿಸಿದರು. ಇಂಗ್ಲೆಂಡ್, ವೇಲ್ಸ್ ಸೇರಿ ಸುಮಾರು 3,200 ಕಿ.ಮೀ. ಜೊತೆಗೆ ಬಾಡಿಗೆ ಬರುವ ಒಂದಿಷ್ಟು ಆಸ್ತಿ, ವರ್ಷ ವರ್ಷ ಸರ್ಕಾರದ ಅನುದಾನ. 2023ರಲ್ಲಿ ಸರ್ಕಾರ ಹೇಳಿದ್ದು: 2027ರಿಂದ ಹತ್ತು ವರ್ಷಕ್ಕೆ 40.1 ಕೋಟಿ ಪೌಂಡ್, ಅದೂ ವರ್ಷಕ್ಕೆ ಶೇ. 5ರಂತೆ ಇಳಿಯುತ್ತ ಹೋಗುತ್ತದೆ. ಬೆಲೆ ಏರಿಕೆ ಲೆಕ್ಕ ಹಾಕಿದರೆ 30 ಕೋಟಿ ಪೌಂಡ್‌ಗಿಂತ ಜಾಸ್ತಿ ಕಡಿತ ಎಂದು ಟ್ರಸ್ಟ್ ಹೇಳಿತು. ಮಳೆ ಮಾತ್ರ ಹಾಗೆ ವರ್ಷಕ್ಕೆ ಶೇ. 5ರಷ್ಟು ಕಡಿಮೆಯಾಗುವ ಮಾತು ಕೊಟ್ಟಿಲ್ಲ.

2019ರ ಆಗಸ್ಟ್‌ನಲ್ಲಿ ಇದೇ ಟ್ರಸ್ಟ್‌ನ ಟಾಡ್‌ಬ್ರೂಕ್ ಜಲಾಶಯದ ಕೋಡಿ ಕಿತ್ತುಹೋಗಿ, ಕೆಳಗಿನ ವೇಲಿ ಬ್ರಿಡ್ಜ್ ಪಟ್ಟಣದಿಂದ ಸುಮಾರು 1,500 ಜನರನ್ನು ಹೊರಗೆ ಕಳಿಸಿದ್ದರು. ವಾಯುಸೇನೆಯ ಹೆಲಿಕಾಪ್ಟರ್ ಜಲ್ಲಿ ಚೀಲಗಳನ್ನು ಏರಿಯ ಮೇಲೆ ಸುರಿಯಿತು. ಅದು ಕಾಲುವೆಗೆ ನೀರು ಕೊಡಲು 19ನೇ ಶತಮಾನದಲ್ಲಿ ಕಟ್ಟಿದ ಮಣ್ಣಿನ ಕಟ್ಟೆ. 2025ರ ಬೇಸಿಗೆಯಲ್ಲಿ ತೊಂದರೆ ತದ್ವಿರುದ್ಧ. ಶತಮಾನಕ್ಕೂ ಹೆಚ್ಚು ಕಾಲದಲ್ಲಿ ಕಾಣದಷ್ಟು ಒಣ ವಸಂತ. ನೀರಿಲ್ಲದೆ ಲೀಡ್ಸ್-ಲಿವರ್‌ಪೂಲ್ ಕಾಲುವೆಯ ದೊಡ್ಡ ಭಾಗ ಮುಚ್ಚಬೇಕಾಯಿತು. ಅತಿಮಳೆಗೆ ಏರಿ ಕುಸಿಯುತ್ತದೆ, ಬರಕ್ಕೆ ಜೇಡಿ ಒಣಗುತ್ತದೆ. ಹಳೆಯ ಇಂಜಿನಿಯರುಗಳು ಲೆಕ್ಕ ಹಾಕಿದ್ದು ಇವೆರಡರ ನಡುವಿನ ಹವಾಮಾನಕ್ಕೆ.

ಪಟ್ಟಿಗೆ ಸೇರುವುದು ಕಲ್ಲು, ಕಬ್ಬಿಣ

ಪರಂಪರೆ ಕಾನೂನುಗಳು ಇಲ್ಲಿ ಎಷ್ಟು ನೆರವಾಗುತ್ತವೆ? ಕಮ್ಮಿ. ಸಂರಕ್ಷಿತ ಪಟ್ಟಿಗೆ ಸುಲಭವಾಗಿ ಸೇರುವುದು ಕಣ್ಣಿಗೆ ಕಾಣುವಂಥದ್ದು: ತಿರುಗುವ ಮೇಲ್ಗಾಲುವೆ, ವರ್ಸ್ಲಿಯ ಸುರಂಗದ ಬಾಯಿ, ಹಳೆಯ ಗೋದಾಮು. ಹುಲ್ಲು ಬೆಳೆದ ಮಣ್ಣಿನ ದಿಬ್ಬವನ್ನು ನೋಡಲು ಬಸ್ ಮಾಡಿಕೊಂಡು ಯಾರು ಬರುತ್ತಾರೆ? ಆದರೆ ಮೇಲ್ಗಾಲುವೆಗೆ ನೀರು ಮುಟ್ಟಿಸುವುದು ಆ ದಿಬ್ಬವೇ. ಇನ್ನೊಂದು ಮಾತು. ಈ ಕಾನೂನುಗಳು ಮುಖ್ಯವಾಗಿ ಕೆಡವಬೇಡ, ಬದಲಿಸಬೇಡ ಎನ್ನುತ್ತವೆ. ದಿನಾ ನೀರು ತುಂಬಿಸಿಟ್ಟಿರು, ಏರಿಯಲ್ಲಿ ಬಿಲ ಬಿದ್ದಿದೆಯಾ ನೋಡುತ್ತಿರು ಎಂದು ಹೇಳುವ ಶಕ್ತಿ ಅವುಗಳಿಗೆ ಕಡಿಮೆ.

ವೇಲ್ಸ್‌ನ ಪಾಂಟ್‌ಕಸಿಲ್ಟೆ ಮೇಲ್ಗಾಲುವೆಯನ್ನು 2009ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ತಾಣ ಮಾಡಿತು. 1805ರದ್ದು, 38 ಮೀಟರ್ ಎತ್ತರ, ನೋಡಿದರೆ ತಲೆ ತಿರುಗುತ್ತದೆ. ಮ್ಯಾಂಚೆಸ್ಟರ್, ಸಾಲ್‌ಫರ್ಡ್, ವರ್ಸ್ಲಿಯ ಜಾಗಗಳು 1999ರಲ್ಲಿ, ಮುಂದೆ ಯುನೆಸ್ಕೊಗೆ ಹೆಸರಿಸಲು ಬ್ರಿಟನ್ ಇಟ್ಟುಕೊಂಡಿದ್ದ ತಾತ್ಕಾಲಿಕ ಪಟ್ಟಿಯಲ್ಲಿದ್ದವು. ಈಗ ಇಲ್ಲ. ವಿಶ್ವ ಪರಂಪರೆಯ ಪಟ್ಟಿಯೂ ರಾಮಬಾಣವೇನಲ್ಲ. ಡ್ಯೂಕ್ ನೋಡಿ ಬಂದಿದ್ದ ಕನಾಲ್ ದು ಮಿದಿ 1996ರಿಂದ ವಿಶ್ವ ಪರಂಪರೆಯ ತಾಣ. ಅದರ ದಡದ ಸುಮಾರು 42,000 ಪ್ಲೇನ್ ಮರಗಳಿಗೆ 2006ರಿಂದ ಶಿಲೀಂಧ್ರದ ರೋಗ ಅಂಟಿ, ಸಾವಿರಾರು ಮರಗಳನ್ನು ಕಡಿದು ಸುಡಬೇಕಾಯಿತು. ಆದರೆ ಅಲ್ಲಿ ಒಡೆಯ ಯಾರು ಎಂಬ ಗೊಂದಲವಿಲ್ಲ. ಸರ್ಕಾರದ ಸಂಸ್ಥೆ ಕಡಿಯಿತು, ಹೊಸ ಸಸಿ ನೆಟ್ಟಿತು.

ನನಗನಿಸುವುದು ಇಷ್ಟು. 1759ರ ಕಾಯ್ದೆ ಎರಡು ಪಕ್ಷಗಳ ಕರಾರು. ಜನರ ಪರವಾಗಿ ಪಾರ್ಲಿಮೆಂಟ್ ನೆಲ ಕೊಡಿಸಿತು, ಮಾಲೀಕ 4 ಪೆನ್ನಿಯ ಮಿತಿ ಒಪ್ಪಿದ. ಕಲ್ಲಿದ್ದಲು ಹೋದ ಮೇಲೆ ಮಿತಿಗೆ ಅರ್ಥ ಉಳಿಯಲಿಲ್ಲ, ಆದರೆ ನೆಲ ಮಾಲೀಕನ ಹತ್ತಿರವೇ ಉಳಿಯಿತು. ಕರಾರಿನ ಒಂದು ಕೈ ಸವೆದು ಹೋಯಿತು, ಇನ್ನೊಂದು ಹಾಗೇ ಇದೆ. ಅದಕ್ಕೇ ಈಗ ಪೌಂಡಿನ ಲೆಕ್ಕಕ್ಕಿಂತ ಮೊದಲು ಹೊಸ ಕರಾರು ಬರೆಯಬೇಕು. ಸಾರ್ವಜನಿಕರ ದುಡ್ಡು ಬರಲಿ, ಅದಕ್ಕೆ ಬದಲಾಗಿ ದಡದಲ್ಲಿ ನಡೆಯುವ ಹಕ್ಕು ಕಾಯಂ ಆಗಲಿ. ಏರಿಗಳ ತಪಾಸಣೆಯ ವರದಿ ಎಲ್ಲರಿಗೂ ಸಿಗಲಿ. ದಡದ ಜಮೀನು ಮಾರಿದಾಗ ಒಂದು ಪಾಲು ಏರಿಯ ನಿಧಿಗೆ ಬೀಳಲಿ. ಇವು ಹೊಸ ಐಡಿಯಾಗಳಲ್ಲ. ಒಂದು ಪೈ ಲಾಭ ಬರುವ ಮೊದಲೇ ಮಾಲೀಕನಿಂದ ಮಾತು ಪಡೆಯುವ ಬುದ್ಧಿ 1759ರಲ್ಲೇ ಇತ್ತು.

ರನ್‌ಕಾರ್ನ್‌ನಲ್ಲಿ ಈಗ ಇನ್ನೊಂದು ಕಥೆ ನಡೆಯುತ್ತಿದೆ. 1773ರ ಆ ಹತ್ತು ಲಾಕ್‌ಗಳನ್ನು 20ನೇ ಶತಮಾನದಲ್ಲಿ ಮುಚ್ಚಿ ಮಣ್ಣು ತುಂಬಿದರು. 1961ರಲ್ಲಿ ಮರ್ಸಿ ಮೇಲೆ ಬಂದ ಹೊಸ ಸೇತುವೆಯ ರಸ್ತೆ ಕಾಲುವೆಯ ದಾರಿಗೆ ಅಡ್ಡ ಬಂತು. ವಾಟರ್‌ಲೂ ಸೇತುವೆಯ ಹತ್ತಿರ ಕಾಲುವೆ ದಿಢೀರನೆ ಮುಗಿದುಹೋಯಿತು. 2017ರಲ್ಲಿ ಇನ್ನೊಂದು ದೊಡ್ಡ ಸೇತುವೆ ಬಂದ ಮೇಲೆ ಹಳೆಯ ಅಡ್ಡರಸ್ತೆಯ ಭಾಗಗಳನ್ನು ತೆಗೆದರು. ಲಾಕ್‌ಗಳನ್ನು ಮತ್ತೆ ಅಗೆದು ತೆರೆಯಬೇಕು ಎಂದು ವರ್ಷಗಳಿಂದ ಪಟ್ಟು ಹಿಡಿದಿದ್ದ ಸ್ಥಳೀಯ ಸ್ವಯಂಸೇವಕರಿಗೆ ಇದರಿಂದ ಹುರುಪು ಬಂತು. ಅವರ ಕನಸು ನನಸಾಗಿ ಹತ್ತೂ ಲಾಕ್‌ಗಳು ತೆರೆದರೂ, ಮ್ಯಾಂಚೆಸ್ಟರ್‌ನಿಂದ ಹೊರಟ ದೋಣಿ ನೇರ ದಾರಿಯಲ್ಲಿ ಅಲ್ಲಿಗೆ ಬರಬೇಕಾದರೆ ಮೊದಲು ಡನ್‌ಹ್ಯಾಮ್ ಮ್ಯಾಸಿಯ ಏರಿ ದಾಟಬೇಕು.